ಪಟ್ಟಣದಾಗ ಮನೆ ಕಟ್ಟೋ ರೈತರಿಗೆ: ಪರವಾನಿಗೆ ಶುಲ್ಕದ ಪಟ್ಟಿ ಓದೋದು ಹೆಂಗ?

ನಮ್ಮದು ಬಾಗಲವಾಡ. ಆರು ಎಕರೆ ಎರೆ ಹೊಲ, ಪೂರ್ತಿ ಮಳೆ ನಂಬಿದ್ದು. ಜೋಳ, ತೊಗರಿ, ಒಂದಿಷ್ಟು ಹತ್ತಿ. ನಾನು ಓದಿದ್ದು ಏಳನೇತ್ತ. ಹೊಲದ ವಿಷಯ ಬಿಟ್ಟು ಈ ಪತ್ರಿಕೆಗೆ ಬೇರೆ ಏನಾದರೂ ಬರೆದೇನು ಅಂದುಕೊಂಡಿರಲಿಲ್ಲ. ಆದರೆ ನಮ್ಮಂಥ ಮಂದಿ ಈಗ ಮಕ್ಕಳ ಓದಿಗಾಗಿ, ನೌಕರಿಗಾಗಿ ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಒಂದು ನಿವೇಶನ ಹಿಡಿದು ಮನೆ ಕಟ್ಟತಾ ಇದ್ದೇವೆ. ಹತ್ತಿ ಮಾರಿದ ರೊಕ್ಕ ಇಟ್ಟಿಗೆಗೆ ಹೋಗುವ ಮೊದಲು ಕಚೇರಿಗೆ ಹೋಗುತ್ತದೆ. ಅಲ್ಲಿ ಅದು ಯಾವುದಕ್ಕೆ ಹೋಯಿತು ಎಂದು ತಿಳಿದವರು ಕಡಿಮೆ. ನನಗೂ ತಿಳಿದಿರಲಿಲ್ಲ.

2024ರ ಬೇಸಿಗೆಯಲ್ಲಿ ಮಗ 30-40ರ ನಿವೇಶನದಲ್ಲಿ ಮನೆ ಹಾಕಬೇಕೆಂದು ನಕ್ಷೆ ಮಾಡಿಸಿದ. ಯಾವ ಊರು, ಯಾವ ಕಚೇರಿ ಎಂದು ಬರೆಯುವುದಿಲ್ಲ, ಎಲ್ಲ ಕಡೆಯೂ ನಡೆಯುವುದೇ. ನಕ್ಷೆ ಕೊಟ್ಟ ಮೇಲೆ ಒಂದು ಚೀಟಿ ಬಂತು. ಅದರಲ್ಲಿ ಒಂದೇ ಅಂಕಿ: 61,400 ರೂಪಾಯಿ. ಯಾವುದಕ್ಕೆ ಎಷ್ಟು ಅಂತ ಕೇಳಿದೆ. "ಅದೆಲ್ಲ ಕಂಪ್ಯೂಟರ್ ಹಾಕತದ ಯಜಮಾನ್ರ, ನೀವು ಕಟ್ಟಿ ಬರ್ರಿ" ಅಂದರು. ನಕ್ಷೆ ಬರೆದ ಇಂಜಿನಿಯರನೂ "ಕೇಳಿದರ ತಡ ಆಗತದ" ಅಂದ.

ಇಲ್ಲೇ ನನಗೆ ಎಪಿಎಂಸಿ ನೆನಪಾಯಿತು. ರಾಯಚೂರು ಗಂಜಿನಲ್ಲಿ ಹತ್ತಿ ಹಾಕಿದರೆ ಅಡತಿ ಅಂಗಡಿಯವನು ಪಟ್ಟಿ ಕೊಡುತ್ತಾನೆ. ತೂಕ ಇಷ್ಟು, ದರ ಇಷ್ಟು, ಹಮಾಲಿ ಇಷ್ಟು, ತೂಕದ ಕೂಲಿ ಇಷ್ಟು, ಕೊಟ್ಟ ಮುಂಗಡ ಇಷ್ಟು. ಮೋಸ ಮಾಡುವವನೂ ಸಾಲು ಸಾಲಾಗಿ ಬರೆದೇ ಮೋಸ ಮಾಡಬೇಕು. ಸಾಲು ಇದ್ದರೆ ನಾವು ಬೆರಳಿಟ್ಟು ಕೇಳಬಹುದು: ಮಾರುಕಟ್ಟೆ ಶುಲ್ಕ ಕೊಳ್ಳುವವ ಕೊಡಬೇಕು ಅಂತ ಕಾಯ್ದೆಯಲ್ಲಿದೆ, ನನ್ನ ಲೆಕ್ಕದಾಗ ಯಾಕ ಬಂತು ಅಂತ. ಒಟ್ಟು ಮೊತ್ತ ಒಂದನ್ನೇ ಬರೆದರೆ ಬೆರಳಿಡಲು ಜಾಗವೇ ಇಲ್ಲ.

ನಾನು ರೊಕ್ಕ ಕಟ್ಟದೆ ಊರಿಗೆ ಬಂದೆ. ಮೂರು ವಾರ ಓಡಾಡಿದೆ. ಬಿಡಿ ಬಿಡಿ ಲೆಕ್ಕ ಬೇಕೆಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು ಸ್ವೀಕೃತಿ ತಗೊಂಡೆ. ಕೊನೆಗೆ ಐದು ಸಾಲಿನ ಕಾಗದ ಬಂತು. ಪರಿಶೀಲನೆ ಮತ್ತು ಪರವಾನಿಗೆ ಶುಲ್ಕ 11,350. ಸುಧಾರಣಾ ಶುಲ್ಕ 22,300. ಉಪಕರ ಮತ್ತು ಅಧಿಭಾರ 8,600. ಕಾರ್ಮಿಕ ಸೆಸ್ 17,900. ಇತರೆ 1,250. ಕೂಡಿದರೆ ಅದೇ 61,400.

ಕಾಗದ ಹಿಡಿದು ಕೂತಾಗ ಗೊತ್ತಾಯಿತು, ಇದು ಒಂದು ಶುಲ್ಕವೇ ಅಲ್ಲ. ಐದು ಬೇರೆ ಬೇರೆ ಬೆಳೆಯನ್ನು ಒಂದೇ ಚೀಲಕ್ಕೆ ತುಂಬಿದಂತೆ. ಒಂದೊಂದರ ಬೇರು ಒಂದೊಂದು ಕಡೆ.

ಶುಲ್ಕ ಬೇರೆ, ತೆರಿಗೆ ಬೇರೆ

ಮೊದಲು ಬುಡದ ಮಾತು. ಕಂದಾಯ, ತೆರಿಗೆ ಅಂದರೆ ಎಲ್ಲರ ಕೆಲಸಕ್ಕೆ ಎಲ್ಲರಿಂದ ಎತ್ತುವ ರೊಕ್ಕ. ನನಗೇ ಏನು ಕೊಟ್ಟಿರಿ ಎಂದು ಕೇಳುವಂತಿಲ್ಲ. ಶುಲ್ಕ ಹಾಗಲ್ಲ. ಬಡಿಗ, ಕಮ್ಮಾರರಿಗೆ ನಮ್ಮ ಹಿರಿಯರು ಕಣದಲ್ಲಿ ಆಯ ಅಳೆಯುತ್ತಿದ್ದರಲ್ಲ, ಅದು ಕೆಲಸಕ್ಕೆ ಕೊಟ್ಟದ್ದು. ಕುಂಟೆ, ಕೂರಿಗೆ ಮಾಡಿಕೊಟ್ಟದ್ದಕ್ಕೆ ಜೋಳ.

ಈ ವ್ಯತ್ಯಾಸವನ್ನು ದೇಶಕ್ಕೇ ಹೇಳಿಕೊಟ್ಟ ಮೊಕದ್ದಮೆ ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲೇ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಉಡುಪಿಯ ಅಷ್ಟಮಠಗಳಲ್ಲಿ ಒಂದು ಶೀರೂರು ಮಠ. ಆಗ ಆ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು. 1951ರ ಮದ್ರಾಸ್ ಕಾಯ್ದೆಯೊಂದು ಮಠ, ದೇವಸ್ಥಾನಗಳ ಆದಾಯದಲ್ಲಿ ನೂರಕ್ಕೆ ಐದರವರೆಗೆ ವಂತಿಗೆ ಕೊಡಬೇಕು ಅಂದಿತು. ಸರ್ಕಾರ ಇದನ್ನು ಶುಲ್ಕ ಅಂತು. ಮಠ ಕೋರ್ಟಿಗೆ ಹೋಯಿತು. 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಈ ರೊಕ್ಕ ಸರ್ಕಾರದ ಸಾಮಾನ್ಯ ಖಜಾನೆಗೆ ಬೀಳುತ್ತದೆ, ಕೊಟ್ಟವನಿಗೆ ಮಾಡುವ ಕೆಲಸಕ್ಕೂ ಇದಕ್ಕೂ ಗಂಟು ಇಲ್ಲ, ಆದ್ದರಿಂದ ಇದು ಶುಲ್ಕವಲ್ಲ, ತೆರಿಗೆ. ಆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ.

ಮುಂದೆ 1983ರ ಹೊತ್ತಿಗೆ ಅದೇ ಕೋರ್ಟು ಸ್ವಲ್ಪ ಸಡಿಲು ಮಾಡಿತು. ಕೊಟ್ಟ ಪ್ರತಿ ರೂಪಾಯಿಗೂ ಒಂದು ರೂಪಾಯಿಯ ಸೇವೆ ಸಿಗಬೇಕು ಅಂತ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ, ಒಟ್ಟಾರೆ ಸಂಬಂಧ ಇದ್ದರೆ ಸಾಕು ಎಂದಿತು. ಹಾಗಂತ ಗಂಟು ಪೂರ್ತಿ ಬಿಚ್ಚಿಲ್ಲ. ಇನ್ನೊಂದು ಗಟ್ಟಿ ಗಂಟು ಸಂವಿಧಾನದಲ್ಲೇ ಇದೆ, 265ನೇ ವಿಧಿ: ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ.

ದರ ನಿಶ್ಚಯ ಮಾಡುವವರು ಯಾರು

ನಾವು ಕಿಟಕಿಯಲ್ಲಿ ಕೂತ ಗುಮಾಸ್ತನೇ ದರ ಹಾಕುತ್ತಾನೆ ಅಂದುಕೊಂಡು ಅವನ ಮೇಲೆ ಸಿಟ್ಟಾಗುತ್ತೇವೆ. ಅವನು ಹಾಕುವುದಿಲ್ಲ. ಹಾಕುವವರು ಮೂರು ಕಡೆ ಇದ್ದಾರೆ.

ಒಂದು, ವಿಧಾನಸೌಧ. ಕಾಯ್ದೆ ಮಾಡುವುದು, ಅದರ ಕೆಳಗೆ ನಿಯಮ ಬರೆಯುವುದು ಅಲ್ಲಿ. ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಮನೆ ಕಟ್ಟುವ ಪರವಾನಿಗೆಯ ಮಾತು ಅದರ 187ನೇ ಕಲಮಿನಲ್ಲಿದೆ. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ. ನಮ್ಮ ರಾಯಚೂರು ನಗರಸಭೆ ಇದ್ದದ್ದು ಈಗ ಮಹಾನಗರ ಪಾಲಿಕೆಯಾಗಿದೆ, ಹಾಗಾಗಿ ಹಳೇ ಚೀಟಿ ಹಿಡಿದು ಹೊಸ ದರ ಕೇಳಿದರೆ ಹೊಂದುವುದಿಲ್ಲ. ಹಳ್ಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, 64ನೇ ಕಲಮು.

ಎರಡನೆಯದು, ಯೋಜನಾ ಪ್ರಾಧಿಕಾರ. ರಾಯಚೂರಿನಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ಊರು ಯಾವ ದಿಕ್ಕಿಗೆ ಬೆಳೆಯಬೇಕು, ಎಲ್ಲಿ ವಸತಿ, ಎಲ್ಲಿ ಕಾರ್ಖಾನೆ, ರಸ್ತೆ ಎಷ್ಟು ಅಗಲ ಎಂದು ನಕ್ಷೆ ಹಾಕುವುದು ಅದರ ಕೆಲಸ. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಭೂಮಿಯ ಬಳಕೆ ಬದಲಾವಣೆ, ಬಡಾವಣೆ ಮಂಜೂರಾತಿ, ಸುಧಾರಣಾ ಶುಲ್ಕ ಎಲ್ಲ ಇದರಿಂದಲೇ ಬಂದದ್ದು.

ಮೂರನೆಯದು, ನಾವೇ ಓಟು ಹಾಕಿ ಕಳಿಸಿದ ಸದಸ್ಯರ ಸಭೆ. ಕಾಯ್ದೆ ಬಿಟ್ಟುಕೊಟ್ಟ ಕಡೆ ಸಭೆ ನಿರ್ಣಯ ಮಾಡಬಹುದು, ಉಪವಿಧಿ ಮಾಡಬಹುದು. ಆದರೆ ಅದನ್ನು ಮೊದಲು ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಮೇಲಿನಿಂದ ಮಂಜೂರಾತಿ ಬರಬೇಕು. ಆಕ್ಷೇಪಣೆ ಕರೆದ ನೋಟೀಸು ಕಚೇರಿ ಗೋಡೆಗೆ ಅಂಟಿರುತ್ತದೆ. ನಾವು ಆ ಗೋಡೆಯ ಬುಡದಲ್ಲಿ ಕೂತು ಬೀಡಿ ಸೇದಿ ಎದ್ದು ಬಂದಿರುತ್ತೇವೆ.

ಕಾಯ್ದೆ ಬಿಟ್ಟುಕೊಡದ ಕಡೆ ಯಾವ ಸಭೆಯೂ, ಪ್ರಾಧಿಕಾರವೂ ತನ್ನಷ್ಟಕ್ಕೆ ಶುಲ್ಕ ಹುಟ್ಟಿಸುವಂತಿಲ್ಲ. ಗುಜರಾತಿನ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರ ಮನೆ ಕಟ್ಟುವವರಿಂದ ಅಭಿವೃದ್ಧಿ ಶುಲ್ಕ ಎಂದು ವಸೂಲಿ ಮಾಡುತ್ತಿತ್ತು. ಊರು ಅಭಿವೃದ್ಧಿ ಮಾಡುವ ಹೊಣೆ ನಮ್ಮದು, ಹೊಣೆ ಇದ್ದ ಮೇಲೆ ರೊಕ್ಕ ಎತ್ತುವ ಅಧಿಕಾರವೂ ಅದರೊಳಗೇ ಇದೆ ಎಂದು ವಾದಿಸಿತು. 1992ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಊಹೆ ಮಾಡಿಕೊಂಡು ಹಾಕುವಂತಿಲ್ಲ ಅಂದಿತು. ನಮ್ಮ ಚೀಟಿಯ ಪ್ರತಿ ಸಾಲಿನ ಮುಂದೆ "ಯಾವ ಕಲಮು?" ಎಂದು ಕೇಳುವ ಹಕ್ಕು ಇಂಥ ತೀರ್ಪುಗಳಿಂದ ಬಂದದ್ದು.

ದರ ಕಟ್ಟುವ ಮೂರು ರೀತಿ

ಟ್ರ್ಯಾಕ್ಟರ್ ಬಾಡಿಗೆಯಿಂದ ಇದನ್ನು ತಿಳಿಯುವುದು ಸುಲಭ. ನಮ್ಮಲ್ಲಿ ಕೆಲವರು ಎಕರೆಗೆ ಇಷ್ಟು ಅಂತಾರೆ. ಕೆಲವರು ತಾಸಿಗೆ ಇಷ್ಟು ಅಂತಾರೆ. ಯಾರಾದರೂ "ನಿನ್ನ ಹೊಲದಾಗ ಹತ್ತಿ ಬರತದ, ಅವನ ಹೊಲದಾಗ ಸಜ್ಜಿ ಬರತದ, ಅದಕ್ಕ ನೀನು ಹೆಚ್ಚು ಕೊಡು" ಅಂದರೆ? ಉಳುಮೆ ಒಂದೇ, ಡೀಸೆಲ್ ಒಂದೇ, ನಾವು ಜಗಳ ತೆಗೆಯುತ್ತೇವೆ. ಪಟ್ಟಣಗಳು ಶುಲ್ಕ ಕಟ್ಟುವುದೂ ಈ ಮೂರರಲ್ಲೇ.

ಎಕರೆ ಲೆಕ್ಕ ಅಂದರೆ ಅಳತೆ ಲೆಕ್ಕ. ಕಟ್ಟುವ ಜಾಗದ ಚದರ ಮೀಟರಿಗೆ ಇಷ್ಟು ರೂಪಾಯಿ. ಸರಳ, ಯಾರು ಬೇಕಾದರೂ ಗುಣಿಸಿ ನೋಡಬಹುದು. ತೊಂದರೆ ಏನೆಂದರೆ ರೂಪಾಯಿಯ ಬೆಲೆ ಇಳಿಯುತ್ತದೆ, ದರ ಹಾಗೇ ನಿಂತಿರುತ್ತದೆ. ವರ್ಷಾನುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಆಮೇಲೆ ಒಂದು ದಿನ ಖಜಾನೆ ಬರಿದಾದಾಗ ಒಮ್ಮೆಲೇ ಹಲವು ಪಟ್ಟು ಏರಿಸುತ್ತಾರೆ. ಆ ವರ್ಷ ಮನೆ ಕಟ್ಟುವವನ ಹಣೆಬರಹ.

ತಾಸಿನ ಲೆಕ್ಕ ಅಂದರೆ ಖರ್ಚಿನ ಲೆಕ್ಕ. ಒಂದು ನಕ್ಷೆ ನೋಡಲು, ಜಾಗಕ್ಕೆ ಬಂದು ಅಳೆಯಲು, ಕಡತ ಇಡಲು ಎಷ್ಟು ಜನರ ಎಷ್ಟು ಹೊತ್ತು ಬೇಕು, ಅವರ ಸಂಬಳ ಎಷ್ಟು ಎಂದು ಹಾಕಿ ಹಂಚುವುದು. ಪುಸ್ತಕದಲ್ಲಿ ಇದೇ ನ್ಯಾಯ. ಆದರೆ ಲೆಕ್ಕ ಇಡುವ ಕಚೇರಿ ಬೇಕು. ಇಂಗ್ಲೆಂಡಿನಲ್ಲಿ ಯೋಜನಾ ಅರ್ಜಿಗೆ ಶುಲ್ಕ ಶುರುವಾದದ್ದೇ 1981ರಲ್ಲಿ. ಅದಕ್ಕೂ ಮೊದಲು ಆ ಖರ್ಚನ್ನು ಊರಿನ ಎಲ್ಲರ ತೆರಿಗೆಯಿಂದ ತುಂಬುತ್ತಿದ್ದರು. 2023ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ದೊಡ್ಡ ಅರ್ಜಿಗಳಿಗೆ ನೂರಕ್ಕೆ 35, ಉಳಿದವಕ್ಕೆ ನೂರಕ್ಕೆ 25 ಏರಿಸಿತು. ಬರುವ ಶುಲ್ಕ ಕಚೇರಿ ಖರ್ಚಿಗೆ ಸಾಲುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಏರಿಸಿದರೂ ಕಾರಣ ಬರೆದು ಏರಿಸುತ್ತಾರೆ, ಅಷ್ಟು ಮೆಚ್ಚಬಹುದು.

ಮೂರನೆಯದು ಬೆಳೆ ನೋಡಿ ಬಾಡಿಗೆ ಕೇಳುವ ರೀತಿ, ಅಂದರೆ ಜಾಗದ ಬೆಲೆಯ ಮೇಲೆ ಶುಲ್ಕ. ಉಪನೋಂದಣಿ ಕಚೇರಿಯಲ್ಲಿ ಇರುವ ಮಾರ್ಗಸೂಚಿ ಬೆಲೆ ನಿಮಗೆ ಗೊತ್ತು. ಅದಕ್ಕೆ ಶುಲ್ಕವನ್ನು ಕಟ್ಟಿಬಿಟ್ಟರೆ ಸಭೆಯವರು ಮತ್ತೆ ನಿರ್ಣಯ ಮಾಡುವ ಗೋಜಿಲ್ಲ. 2023ರ ಅಕ್ಟೋಬರಿನಲ್ಲಿ ಆದಂತೆ ರಾಜ್ಯ ಮಾರ್ಗಸೂಚಿ ಬೆಲೆ ಏರಿಸಿದ ದಿನವೇ ಇದಕ್ಕೆ ಕಟ್ಟಿದ ಶುಲ್ಕಗಳೂ ತಾವಾಗಿ ಏರುತ್ತವೆ. ಯಾರೂ ಕೈ ಎತ್ತಬೇಕಾಗಿಲ್ಲ, ಯಾರ ಹೆಸರೂ ಕೆಡುವುದಿಲ್ಲ.

ಇದರ ಮೇಲೆ ಬೆಂಗಳೂರಿನಲ್ಲಿ ದೊಡ್ಡ ವ್ಯಾಜ್ಯವೇ ಆಯಿತು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಈಗ ಅದು ಐದು ಪಾಲಿಕೆಗಳಾಗಿ ಒಡೆದಿದೆ) ಪರವಾನಿಗೆ ಶುಲ್ಕ, ಪರಿಶೀಲನಾ ಶುಲ್ಕ, ನೆಲಬಾಡಿಗೆ ಮುಂತಾದವನ್ನು ಮಾರ್ಗಸೂಚಿ ಬೆಲೆಗೆ ಕಟ್ಟಿ ವಸೂಲಿ ಮಾಡುತ್ತಿತ್ತು. ನೆಲಬಾಡಿಗೆ ಅಂದರೆ ಕಟ್ಟುವಾಗ ಮರಳು, ಜಲ್ಲಿ ಬೀದಿಯಲ್ಲಿ ಹಾಕಿಕೊಳ್ಳುತ್ತೀರಿ, ಅದಕ್ಕೆ ಬಾಡಿಗೆ ಕೊಡಿ ಎಂದು. "ನಮ್ಮ ಸಾಮಾನು ನಮ್ಮ ಜಾಗದಲ್ಲೇ ಇದೆ, ಬೀದಿಗೆ ಬಾಡಿಗೆ ಏಕೆ?" ಎಂಬುದು ಕಟ್ಟುವವರ ಪ್ರಶ್ನೆ. 2021ರ ಆಗಸ್ಟಿನಲ್ಲಿ ಹೈಕೋರ್ಟ್ ಆ ವಸೂಲಿಗೆ ಕಾಯ್ದೆಯ ಅಧಿಕಾರವಿಲ್ಲ ಎಂದು ರದ್ದು ಮಾಡಿ, ರೊಕ್ಕ ವಾಪಸು ಮಾಡಲು ಹೇಳಿತು.

ಇಷ್ಟಕ್ಕೆ ಕಟ್ಟುವವರು ಗೆದ್ದರು ಅಂದುಕೊಳ್ಳಬೇಡಿ. ಸರ್ಕಾರ ಕೂಡಲೇ ಕಾಯ್ದೆಗೆ ತಿದ್ದುಪಡಿ ತಂದು, ಇಲ್ಲದ ಅಧಿಕಾರವನ್ನು ಹಿಂದಿನ ತಾರೀಖಿನಿಂದಲೇ ಇದೆ ಎಂದು ಬರೆಯಿತು. ಕೋರ್ಟು ಅಂದದ್ದು "ನಿಮ್ಮ ಕಾಯ್ದೆಯಲ್ಲಿ ಇಲ್ಲ" ಅಂತ, ಸರ್ಕಾರ ಅಂದದ್ದು "ಹಾಗಾದರ ಕಾಯ್ದೆಯಲ್ಲೇ ಹಾಕತೇವಿ" ಅಂತ. ಇದು ಸರಿಯೋ ತಪ್ಪೋ ಎಂಬುದು ದೊಡ್ಡವರ ಮಾತು. ನನಗೆ ಮುಖ್ಯ ಅನ್ನಿಸಿದ್ದು ಬೇರೆ: ಬೆಲೆಯ ಮೇಲೆ ಶುಲ್ಕ ಹಾಕಿದರೆ ಅದು ಸದ್ದಿಲ್ಲದೆ ತೆರಿಗೆ ಆಗಿಬಿಡುತ್ತದೆ. ನಕ್ಷೆ ನೋಡುವ ಇಂಜಿನಿಯರನಿಗೆ ದುಬಾರಿ ಬೀದಿಯ ಮನೆಯಾದರೂ, ಊರಂಚಿನ ಮನೆಯಾದರೂ ಕೆಲಸ ಅಷ್ಟೇ. ಇದಕ್ಕೆ ಇನ್ನೊಂದು ಮಗ್ಗಲೂ ಇದೆ. ಉಳ್ಳವನು ಹೆಚ್ಚು ಕೊಟ್ಟರೆ ಇಲ್ಲದವನ ಬೀದಿಗೂ ಗಟಾರ ಆದೀತು. ಅದು ನ್ಯಾಯವೇ, ಆದರೆ ಅದನ್ನು ತೆರಿಗೆ ಎಂದೇ ಕರೆದು ಮಾಡಲಿ.

ಸುಧಾರಣಾ ಶುಲ್ಕ: ನನಗೆ ಎರಡು ಸಲ ಬಿದ್ದದ್ದು

ಈಗ ನನ್ನ ಚೀಟಿಯ ಎರಡನೇ ಸಾಲು, 22,300. ಹೊಲ ಇದ್ದದ್ದು ನಿವೇಶನ ಆದಾಗ ಅಲ್ಲಿಗೆ ರಸ್ತೆ, ಗಟಾರ, ನೀರು, ದೀಪ ಬರಬೇಕು. ಹಳೇ ಊರಿನವರು ತಮ್ಮದಕ್ಕೆ ಆಗಲೇ ಕೊಟ್ಟಿದ್ದಾರೆ, ಹೊಸದಾಗಿ ಬಂದವರ ಖರ್ಚನ್ನು ಅವರೇಕೆ ಹೊರಬೇಕು? ಅದಕ್ಕೇ ಹೊಸಬರಿಂದ ಒಂದು ಪಾಲು. ನಮ್ಮ ಮಂದಿ ಬೆಟರ್ಮೆಂಟ್ ಚಾರ್ಜ್ ಅಂತಾರೆ. ತತ್ವ ಸರಿ ಇದೆ. ಹತ್ತು ಜನ ಕೂಡಿ ಹೊಲಕ್ಕೆ ದಾರಿ ಮಾಡಿದ ಮೇಲೆ ಹನ್ನೊಂದನೆಯವ ಬಂದರೆ ಅವನೂ ಮಣ್ಣಿಗೆ, ಕಲ್ಲಿಗೆ ರೊಕ್ಕ ಹಾಕಬೇಕಲ್ಲ.

ಆದರೆ ಹನ್ನೊಂದನೆಯವನ ಹತ್ತಿರ ಎರಡು ಸಲ ಇಸಕೊಳ್ಳಬಾರದು. ನಾವು ತಗೊಂಡದ್ದು ಮಂಜೂರಾದ ಬಡಾವಣೆಯ ನಿವೇಶನ. ಮಾರಿದವರ ಹತ್ತಿರ ಹೋಗಿ ಹಳೇ ಕಾಗದ ತೆಗೆಸಿ ನೋಡಿದರೆ, ಬಡಾವಣೆ ಮಂಜೂರಾಗುವಾಗಲೇ ಇಡೀ ಬಡಾವಣೆಗೆ ಸುಧಾರಣಾ ಶುಲ್ಕ ಕಟ್ಟಿದ ರಸೀದಿ ಇತ್ತು. ನಿವೇಶನದ ಬೆಲೆಯಲ್ಲಿ ಅದನ್ನು ನಮ್ಮಿಂದ ಆಗಲೇ ಎಣಿಸಿಕೊಂಡಿದ್ದಾರೆ. ರಸೀದಿಯ ನಕಲು ಹಚ್ಚಿ ಅರ್ಜಿ ಕೊಟ್ಟೆ. ಎರಡು ಸಲ "ಸಾಹೇಬರು ಇಲ್ಲ", ಒಂದು ಸಲ "ಕಡತ ಸಿಗವಲ್ದು". ನಾಲ್ಕನೇ ಸಲಕ್ಕೆ ಸಾಲು ಹೊಡೆದು ಹಾಕಿದರು. 61,400 ಇದ್ದದ್ದು 39,100 ಆಯಿತು. ಮಗ "ಅಪ್ಪಾ, ಎರಡು ಕ್ವಿಂಟಲ್ ಹತ್ತಿ ಉಳಿಸಿದಿ" ಅಂದ. ಎರಡಲ್ಲ, ಮೂರು ಕ್ವಿಂಟಲ್‌ಗೂ ಮೇಲೆ. ಅವನಿಗೆ ಹತ್ತಿಯ ದರ ಗೊತ್ತಿಲ್ಲ.

ಆ ಕಚೇರಿಯವರು ಬೇಕಂತ ಮಾಡಿದರೆಂದು ನಾನು ಹೇಳುವುದಿಲ್ಲ. ಬಡಾವಣೆಯ ಕಡತ ಒಂದು ಕಚೇರಿಯಲ್ಲಿ, ಮನೆಯ ಕಡತ ಇನ್ನೊಂದರಲ್ಲಿ. ಕೇಳುವವರು ಇಲ್ಲದಿದ್ದರೆ ಎರಡೂ ಮಾತಾಡುವುದಿಲ್ಲ.

ಊರು ಬೆಳೆದ ಖರ್ಚು ಹೊಸಬರ ಮೇಲೆ ಎಷ್ಟು ಹಾಕಬಹುದು ಎಂಬ ಜಗಳ ಅಮೆರಿಕದಲ್ಲೂ ಇದೆ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಶೀಟ್ಜ್ ಎಂಬವರು ತಮ್ಮ ಜಾಗದಲ್ಲಿ ಒಂದು ಸಿದ್ಧಮಾದರಿಯ ಸಣ್ಣ ಮನೆ ಇಡಲು ಹೋದರು. ಸಂಚಾರ ದಟ್ಟಣೆಯ ಪರಿಹಾರ ಎಂದು 23,420 ಡಾಲರ್ ಕೇಳಿದರು. ಒಂದು ಮನೆಯಿಂದ ರಸ್ತೆಗೆ ಅಷ್ಟು ಭಾರ ಬೀಳುತ್ತದೆಯೇ ಎಂದು ಯಾರೂ ಅಳೆದಿರಲಿಲ್ಲ, ದರಪಟ್ಟಿಯಲ್ಲಿ ಹಾಗಿತ್ತು ಅಷ್ಟೇ. ಅವರು ಕಟ್ಟಿ ಆಮೇಲೆ ದಾವೆ ಹೂಡಿದರು. 2024ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಚುನಾಯಿತ ಸಭೆಯೇ ದರಪಟ್ಟಿ ಮಾಡಿದೆ ಎಂಬ ಒಂದೇ ಕಾರಣಕ್ಕೆ ಅದು ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಹೇಳಿ, ಮೊಕದ್ದಮೆಯನ್ನು ಕೆಳಗಿನ ಕೋರ್ಟಿಗೆ ಕಳಿಸಿತು.

ಉಪಕರದ ಸಾಲು, ಗುಳೆ ಹೋದವರ ಸಾಲು

ಮೂರನೇ ಸಾಲು ಉಪಕರ, ಅಧಿಭಾರ. 1961ರ ಯೋಜನಾ ಕಾಯ್ದೆಗೆ ಆಮೇಲೆ ಸೇರಿಸಿದ 18-ಎ ಕಲಮು ಇದರ ಬೇರು. ನೀರು ಸರಬರಾಜು, ವರ್ತುಲ ರಸ್ತೆ, ಕೊಳಚೆ ಪ್ರದೇಶ ಸುಧಾರಣೆ, ಸಮೂಹ ಸಾರಿಗೆ, ಇವುಗಳಿಗೆಂದು ಹೆಸರು ಬರೆದೇ ಎತ್ತುವ ರೊಕ್ಕ. ಹೆಸರು ಬರೆದಿರುವುದರಿಂದ ಕೇಳುವುದೂ ಸುಲಭ: ಇವುಗಳಲ್ಲಿ ನನ್ನ ಚೀಟಿಗೆ ಬಿದ್ದದ್ದು ಯಾವುದು, ನಮ್ಮ ಊರಿಗೆ ಅಂಥ ಯೋಜನೆ ಇದೆಯೇ?

ನಾಲ್ಕನೇ ಸಾಲು ಕಾರ್ಮಿಕ ಸೆಸ್. ಮೊದಲು ಇದಕ್ಕೇ ಹೆಚ್ಚು ಸಿಟ್ಟು ಬಂದದ್ದು. 17,900! ಮನೆಯ ಅಂದಾಜು 17 ಲಕ್ಷ 90 ಸಾವಿರ, ಅದರ ನೂರಕ್ಕೆ ಒಂದು. 1996ರ ಕೇಂದ್ರ ಕಾಯ್ದೆ ಪ್ರಕಾರ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟುವುದು ಇದು. ಆ ಕಾಯ್ದೆಯಲ್ಲಿ 10 ಲಕ್ಷದೊಳಗಿನ ಸ್ವಂತ ವಾಸದ ಮನೆಗೆ ವಿನಾಯಿತಿ ಇತ್ತು, ನಮ್ಮದು ದಾಟಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಆ ಮಿತಿಯನ್ನು 50 ಲಕ್ಷ ಮಾಡಿದೆ, ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಾಗಾಗಿ ಈಗ ಸ್ವಂತ ವಾಸಕ್ಕೆ ಸಣ್ಣ ಮನೆ ಕಟ್ಟುವವರು ಈ ಸಾಲನ್ನು ತಪ್ಪದೆ ಕೇಳಿ ನೋಡಿರಿ.

ಸಿಟ್ಟು ಇಳಿದದ್ದು ನಮ್ಮ ಓಣಿ ನೋಡಿದ ಮೇಲೆ. ಹಿಂಗಾರಿ ಕೈಕೊಟ್ಟ ವರ್ಷ ನಮ್ಮ ಸೀಮೆಯ ಮಂದಿ ಗುಳೆ ಹೋಗುವುದು ಎಲ್ಲಿಗೆ? ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ಅಲ್ಲಿನ ದೊಡ್ಡ ದೊಡ್ಡ ಕಟ್ಟಡಗಳ ಪರವಾನಿಗೆಯಲ್ಲಿ ಎತ್ತಿದ ನೂರಕ್ಕೆ ಒಂದು ಇವರದೇ ರೊಕ್ಕ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅದು ಇರುತ್ತದೆ. 18ರಿಂದ 60 ವಯಸ್ಸಿನೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು. ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ಸಹಾಯ ಇದೆ. ನಮ್ಮ ಓಣಿಯಲ್ಲಿ ಕೇಳಿದೆ. ಹತ್ತು ವರ್ಷ ಜಲ್ಲಿ ಹೊತ್ತ ಹೆಣ್ಣುಮಗಳ ಹತ್ತಿರ ಕಾರ್ಡಿಲ್ಲ. ಎಂದೂ ಕರಣಿ ಹಿಡಿಯದ ಇಬ್ಬರ ಹತ್ತಿರ ಕಾರ್ಡಿದೆ. ಚೀಟಿಯ ನಾಲ್ಕನೇ ಸಾಲು ನನಗೆ ಕೊಟ್ಟ ಬೇಜಾರು ಇದು, ರೊಕ್ಕದ್ದಲ್ಲ.

ಹೊಲ ಮಾರುವವರು, ಅಗ್ಗದ ನಿವೇಶನ ಹಿಡಿಯುವವರು

ಹೊಲದಲ್ಲೇ ಮನೆ ಕಟ್ಟುವವರಿಗೆ ಒಂದು ಮಾತು. ನಿಮ್ಮ ಸಾಗುವಳಿ ಹೊಲದಲ್ಲಿ ನಿಮ್ಮ ಒಕ್ಕಲುತನಕ್ಕೆ ಬೇಕಾದ ತೋಟದ ಮನೆ, ಕೊಟ್ಟಿಗೆ, ಬಾವಿ ಮಾಡಿಕೊಳ್ಳಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಅವಕಾಶ ಕೊಡುತ್ತದೆ, ಅದಕ್ಕೆ ಮಿತಿ ಇದೆ. ಬೇರೆ ಬಳಕೆಗಾದರೆ ಜಿಲ್ಲಾಧಿಕಾರಿಯಿಂದ ಭೂ ಪರಿವರ್ತನೆ ಆಗಬೇಕು, ಅದಕ್ಕೆ ಬೇರೆ ಶುಲ್ಕ. ಇದನ್ನೇ ನಮ್ಮವರು ಎನ್ಎ ಅಂತಾರೆ. ಪರಿವರ್ತನೆ ಆದ ಮಾತ್ರಕ್ಕೆ ಬಡಾವಣೆ ಮಂಜೂರಾಯಿತು ಅಂತಲ್ಲ. ಅದು ಎರಡನೇ ಮೆಟ್ಟಿಲು. ರಸ್ತೆ, ಉದ್ಯಾನಕ್ಕೆ ಜಾಗ ಬಿಟ್ಟು, ಶುಲ್ಕ ಕಟ್ಟಿ, ನಕ್ಷೆ ಮಂಜೂರು ಮಾಡಿಸಬೇಕು.

ಈ ಎರಡೂ ಮೆಟ್ಟಿಲು ಹತ್ತದೆ ಹೊಲವನ್ನೇ ಸುಣ್ಣದ ಗೆರೆ ಹಾಕಿ ಮಾರುತ್ತಾರಲ್ಲ, ಅದು ಅಗ್ಗ ಯಾಕೆ ಅಂದರೆ ಮಾರುವವನು ಕಟ್ಟಬೇಕಾದದ್ದನ್ನು ಕಟ್ಟಿಲ್ಲ, ಬಿಡಬೇಕಾದ ಜಾಗ ಬಿಟ್ಟಿಲ್ಲ. ಆ ಬಾಕಿ ನಿವೇಶನದ ಜತೆ ಕೊಂಡವನ ತಲೆಗೆ ಬರುತ್ತದೆ, ದಂಡ ಸೇರಿ. ಸರ್ಕಾರ ಒಂದಲ್ಲ ಒಂದು ದಿನ ಸಕ್ರಮ ಮಾಡತದ ಎಂದು ದಲ್ಲಾಳಿಗಳು ಹೇಳುತ್ತಾರೆ. ಅಕ್ರಮ-ಸಕ್ರಮಕ್ಕೆ 2014ರಲ್ಲಿ ನಿಯಮ ಬಂದದ್ದು ನಿಜ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದೂ ನಿಜ. 2025ರಲ್ಲಿ ಪುರಸಭೆ, ನಗರಸಭೆ ವ್ಯಾಪ್ತಿಯ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ಬಿ ಖಾತಾ ಅಂದರೆ ತೆರಿಗೆ ಕಟ್ಟಿಸಿಕೊಳ್ಳಲು ಪುಸ್ತಕದಲ್ಲಿ ಬರೆದುಕೊಂಡದ್ದು. ಬಡಾವಣೆ ಅದರಿಂದ ಮಂಜೂರಾಗುವುದಿಲ್ಲ.

ಕೇಳುವ ರೀತಿ

ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ನಕ್ಷೆ ಕೊಡುವ ಮೊದಲೇ ನಿವೇಶನದ ಹಳೇ ರಸೀದಿಗಳನ್ನು ಮಾರಿದವರಿಂದ ಇಸಕೊಳ್ಳಿ, ಕ್ರಯಪತ್ರ ಆದ ಮೇಲೆ ಅವರು ಸಿಗುವುದಿಲ್ಲ. ಚೀಟಿ ಬಂದ ಮೇಲೆ ಪ್ರತಿ ಸಾಲಿಗೂ ಮೂರು ಕೇಳಿ: ಯಾವ ಕಾಯ್ದೆಯ ಯಾವ ಕಲಮು, ದರ ಎಷ್ಟು, ಆ ದರವನ್ನು ಎಷ್ಟರಿಂದ ಗುಣಿಸಿದಿರಿ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಕಟ್ಟಡ ಪರವಾನಿಗೆ ಸಕಾಲ ಸೇವೆಯಲ್ಲಿದೆ, ಅರ್ಜಿ ಕೊಟ್ಟ ದಿನವೇ ಸಕಾಲ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಬರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, 30 ದಿನ ಕಾಯುವುದು, ಆಮೇಲೆ ಮೇಲ್ಮನವಿ. ಶುಲ್ಕವನ್ನು ಇಂಜಿನಿಯರನ ಕೈಗೆ ಕೊಡಬೇಡಿ, ಬ್ಯಾಂಕಿನ ಚಲನ್ನಿನಲ್ಲಿ ನೀವೇ ಕಟ್ಟಿ. ಅವನ ಕೂಲಿ ಅವನಿಗೆ ಬೇರೆ ಕೊಡಿ. ಮತ್ತೆ ಜಗಳ ಆಡಬೇಡಿ. ನನಗೆ ಕೊನೆಗೆ ನೆರವಾದವನು ಅದೇ ಗುಮಾಸ್ತ, ಹಳೇ ಬಡಾವಣೆಯ ಕಡತ ಯಾವ ಕಪಾಟಿನಲ್ಲಿದೆ ಎಂದು ಅವನೇ ಹೇಳಿದ್ದು.

ಐದನೇ ಸಾಲು ಉಳಿದಿದೆ: ಇತರೆ, 1,250. ಅದನ್ನೂ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಮೊದಲ ಸಲ ಉತ್ತರವಿಲ್ಲ. ಮೇಲ್ಮನವಿ ಹಾಕಿದ ಮೇಲೆ "ನಮೂನೆ ಮತ್ತು ಕಡತ ವೆಚ್ಚ, ಸಭೆಯ ನಿರ್ಣಯದಂತೆ" ಎಂದು ಒಂದು ಸಾಲು ಬಂತು. ನಿರ್ಣಯದ ಸಂಖ್ಯೆ ಇಲ್ಲ, ತಾರೀಖು ಇಲ್ಲ. ಮನೆ ಮುಗಿದು ಮಗ ಒಕ್ಕಲಾಗಿದ್ದಾನೆ. ನಿರ್ಣಯದ ನಕಲು ಬೇಕೆಂದು ನಾನು ಇನ್ನೊಂದು 10 ರೂಪಾಯಿ ಹಚ್ಚಿ ಅರ್ಜಿ ಹಾಕಿದ್ದೇನೆ.